ಚರಗ ಚೆಲ್ಲಲು ಹೊಲವಿರಲಿಲ್ಲ

ಮಸ್ಕತ್ತಿಗೆ ಬಂದ ಮೂರನೇ ವರ್ಷ ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ಶುಕ್ರವಾರ ಬಿತ್ತು. ಅವತ್ತು ನನಗೆ ಆಸ್ಪತ್ರೆಗೆ ರಜೆ. ಈ ಸಲವಾದರೂ ಹಬ್ಬ ಮಾಡೋಣ ಅನ್ನಿಸಿತು. ಮಾಡದೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ.

ನಾನು ಘಾಟಬೋರಾಳ ಎಂಬ ಹಳ್ಳಿಯವಳು. ಹುಮನಾಬಾದಿನಲ್ಲಿ ನರ್ಸ್ ಆಗಿ ಕೆಲಸ ಮಾಡುತ್ತಿದ್ದೆ. ಗಂಡ ತೀರಿಕೊಂಡ ಮೇಲೆ ನಾಲ್ಕು ವರ್ಷದ ಮಗಳನ್ನು ಅವ್ವ ಮತ್ತು ತಮ್ಮನ ಕೈಯಲ್ಲಿ ಬಿಟ್ಟು ಇಲ್ಲಿಗೆ ಬಂದೆ. ನಮ್ಮ ಕಡೆ ಎಳ್ಳಮಾಸಿಯ ದಿನ ಮನೆಯಲ್ಲಿ ಯಾರೂ ಊಟ ಮಾಡುವುದಿಲ್ಲ. ಬುಟ್ಟಿ ಹೊತ್ತು ಹೊಲಕ್ಕೆ ಹೋಗಿ, ಐದು ಕಲ್ಲಿಟ್ಟು ಪೂಜೆ ಮಾಡಿ, ತಂದ ಅಡಿಗೆಯನ್ನು, ರೊಟ್ಟಿ ಮತ್ತು ಹಸಿ ಕಾಳು ಸೊಪ್ಪು ಕುದಿಸಿದ ಭಜ್ಜಿ ಎಂಬ ಪಲ್ಯವನ್ನು, ಮೊದಲು ಬೆಳೆಗೆ ಚೆಲ್ಲುತ್ತಾರೆ. ಅದೇ ಚರಗ. ಅಪ್ಪ ಬದುಕಿದ್ದಾಗ ಅವನು ಬದುವಿನ ಮೇಲೆ ಮುಂದೆ ಮುಂದೆ ಚೆಲ್ಲುತ್ತ ಹೋದರೆ ನಾನು ತಂಬಿಗೆ ಹಿಡಿದು ನೀರು ಚಿಮುಕಿಸುತ್ತ ಹಿಂದೆ ಹೋಗುತ್ತಿದ್ದೆ. ಜೋಳದ ಗರಿ ಕೈಗೆ ತಾಗಿ ಉರಿಯುತ್ತಿತ್ತು.

ನನ್ನ ರೂಮಿನಲ್ಲಿದ್ದ ಹುಡುಗಿ ಬಸವಕಲ್ಯಾಣದವಳು, ಮುಸ್ಲಿಮರ ಮನೆಯವಳು. ನನ್ನದೇ ವಾರ್ಡಿನಲ್ಲಿ ನರ್ಸ್. ಹಬ್ಬದ ಮಾತು ತೆಗೆದಾಗ ಅವಳ ಮುಖ ಅರಳಿತು.

"ನಮ್ಮ ಓಣ್ಯಾಗಿನ ಗೌಡರ ಮನಿಲಿಂದ ಪ್ರತಿ ವರ್ಷ ಭಜ್ಜಿ ಡಬ್ಬಿ ಬರ್ತಿತ್ತು ಅಕ್ಕಾ. ಅಮ್ಮಿ ಅವತ್ತ ಪಲ್ಯ ಮಾಡ್ತಿದ್ದಿಲ್ಲ, ಅದಕ್ಕ ಕಾಯ್ತಿದ್ಳು."

ಇಬ್ಬರೂ ಸೇರಿ ಎರಡು ದಿನ ಅಂಗಡಿ ಸುತ್ತಿದೆವು. ಹಸಿ ಕಡಲೆ ಸಿಗಲಿಲ್ಲ, ಹಸಿ ತೊಗರಿಯಂತೂ ಇಲ್ಲವೇ ಇಲ್ಲ. ಫ್ರಿಜ್ಜಿನ ಬಟಾಣಿ, ಮೆಂತ್ಯ, ಶೇಂಗಾ, ಹುಣಸೆಹಣ್ಣು ಹಾಕಿ, ಕಡಲೆಹಿಟ್ಟು ಕಲಸಿ ಭಜ್ಜಿ ಕುದಿಸಿದೆ. ಪ್ಯಾಕೆಟ್ಟಿನ ಮಜ್ಜಿಗೆಯಲ್ಲಿ ಅಂಬಲಿ ಮಾಡಿದೆ. ಅದು ಹುಳಿಯಾಗಲೇ ಇಲ್ಲ.

ನಮ್ಮ ಕಟ್ಟಡದ ಹಿಂದೆ ಸ್ವಲ್ಪ ಹುಲ್ಲು, ನಾಲ್ಕು ಬೇವಿನ ಗಿಡ ಇದ್ದವು. ಅಲ್ಲಿ ಐದು ಕಲ್ಲು ಹುಡುಕಿ ಜೋಡಿಸಿ, ಅರಿಶಿನ ಕುಂಕುಮ ಹಚ್ಚಿದೆ. ಭಜ್ಜಿಯಲ್ಲಿ ರೊಟ್ಟಿ ಮುರಿದು ಹಾಕಿ ಹುಲ್ಲಿನ ಮೇಲೆ ಚೆಲ್ಲಲು ಶುರುಮಾಡಿದೆ. ಹುಡುಗಿ ಬಾಟಲಿಯ ನೀರು ಚಿಮುಕಿಸುತ್ತ ಹಿಂದೆ ಬಂದಳು. ಹತ್ತು ಹೆಜ್ಜೆ ನಡೆದಿರಲಿಲ್ಲ, ಕಟ್ಟಡದ ಕಾವಲುಗಾರ ಓಡಿ ಬಂದ. ವಯಸ್ಸಾದ ಮನುಷ್ಯ, ಯಾವುದೋ ದೂರದ ದೇಶದವನು. ಊಟ ಇಲ್ಲಿ ಚೆಲ್ಲಬಾರದು, ಕ್ಯಾಮೆರಾ ಇದೆ, ತನ್ನ ನೌಕರಿ ಹೋಗುತ್ತದೆ ಎಂದು ಮುರುಕು ಹಿಂದಿಯಲ್ಲಿ ಬೇಡಿಕೊಂಡ. ಬೈದಿದ್ದರೆ ನಾನೂ ಜಗಳ ಆಡುತ್ತಿದ್ದೆನೇನೋ. ಅವನು ಕೈ ಮುಗಿದ.

ನಾನು ಕೂತು ಹುಲ್ಲಿನೊಳಗಿಂದ ಶೇಂಗಾ, ರೊಟ್ಟಿ ಚೂರು ಆಯತೊಡಗಿದೆ. ಹುಡುಗಿಯೂ ಕೂತಳು. ಅವನೂ ಬಗ್ಗಿ ಆಯ್ದು ನಮ್ಮ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದ. ಭೂಮಿಗೆ ಕೊಟ್ಟದ್ದನ್ನು ಮರಳಿ ಕಿತ್ತುಕೊಳ್ಳುವ ಕೆಲಸ ನನ್ನ ವಂಶದಲ್ಲಿ ಯಾರೂ ಮಾಡಿರಲಿಕ್ಕಿಲ್ಲ.

ಮೇಲೆ ಬಂದು ಮನೆಗೆ ವಿಡಿಯೋ ಕಾಲ್ ಮಾಡಿದೆ. ಇಷ್ಟೊತ್ತಿಗೆ ಎಲ್ಲರೂ ಹೊಲದಲ್ಲಿ ಊಟಕ್ಕೆ ಕೂತಿರುತ್ತಾರೆ, ಅದನ್ನಾದರೂ ನೋಡೋಣ ಅಂತ. ಫೋನ್ ಎತ್ತಿದ್ದು ಮಗಳು. ಅವಳ ಹಿಂದೆ ಮನೆಯ ಗೋಡೆ ಕಾಣಿಸುತ್ತಿತ್ತು.

"ಹೊಲಕ್ಕ ಹೋಗಿಲ್ಲೇನು?" ಎಂದೆ.

"ಹೊಲದಾಗ ಏನದ ಅಮ್ಮಾ? ಬರೀ ಕಬ್ಬದ. ಮಾಮಾ ಲಾರಿ ತುಂಬ್ಸಾಕತ್ತಾನ."

"ಹಂಗಾದ್ರ ಹೋದ ವರ್ಷ?"

"ಹೋದ ವರ್ಷನೂ ಹೋಗಿಲ್ಲ. ನೀ ಹೋದ ಮ್ಯಾಲ ನಾ ಒಮ್ಮೆನೂ ಹೋಗಿಲ್ಲ."

ಅವ್ವ ಫೋನ್ ಕಸಿದುಕೊಂಡಳು. ಹಿಂದಿನ ಎರಡು ವರ್ಷ ಇದೇ ಅವ್ವ ಫೋನಿನಲ್ಲಿ ಎಲ್ಲ ಹೇಳಿದ್ದಳು. ಜೋಳ ಆಳೆತ್ತರ ಬಂದದ್ದು, ತಮ್ಮ ಚರಗ ಚೆಲ್ಲಿದ್ದು, ಮಗಳು ಕಡಲೆ ಗಿಡ ಕಿತ್ತು ಬಾಯಿ ತುಂಬ ತಿಂದದ್ದು. ಅದನ್ನೆಲ್ಲ ನಾನು ಹಾಸಿಗೆಯಲ್ಲಿ ಮಲಗಿ ಮತ್ತೆ ಮತ್ತೆ ನೆನೆದಿದ್ದೆ.

"ಯಾಕ ಅವ್ವಾ ಸುಳ್ಳ ಹೇಳ್ದಿ?"

"ನೀ ಊರ ಬಿಟ್ಟ ವರ್ಷಾನೇ ಎಲ್ಲಾ ಕಬ್ಬ ಹಚ್ಚಿದ್ನವ್ವ ನಿನ್ನ ತಮ್ಮ. ಕಬ್ಬಿನ ಒಳಗ ಕೂಡಾಕ ಜಾಗ ಇಲ್ಲ. ನೀ ಅಷ್ಟ ಆಸೆಲಿಂದ ಕೇಳ್ತಿದ್ದಿ. ನಾ ಏನು ಹೇಳ್ಲಿ?"

"ಹಬ್ಬ ಬಿಟ್ಟಿದ್ದಕ್ಕ ನಿಮಗ ಬ್ಯಾಸರ ಆಗಲ್ಲೇನು?"

ಅವ್ವ ಮೊಮ್ಮಗಳ ಕಡೆ ತಿರುಗಿ ನೋಡಿದಳು. ಆಮೇಲೆ, "ಊಟ ಮಾಡು ಹೋಗು, ಆರ್ತದ" ಎಂದು ಫೋನ್ ಇಟ್ಟಳು.

ನಮಗೆ ಊಟ ಸೇರಲಿಲ್ಲ. ಹುಡುಗಿ ಎರಡು ತುತ್ತು ತಿಂದು, "ಛಲೋ ಆಗ್ಯದ ಅಕ್ಕಾ" ಎಂದಳು. ಭಜ್ಜಿ ಉಪ್ಪಿಲ್ಲದೆ ಸಪ್ಪೆಯಾಗಿತ್ತು. ಅದು ಮೂರು ದಿನ ಫ್ರಿಜ್ಜಿನಲ್ಲಿತ್ತು. ಕೊನೆಗೆ ನಾನೇ ಕಸದ ಡಬ್ಬಿಗೆ ಸುರಿದೆ.

ತಮ್ಮನ ಮೇಲೆ ಸಿಟ್ಟು ಬರಲೆಂದು ಕಾದೆ, ಬರಲಿಲ್ಲ. ಮನೆ ನಡೆಸುವವನು ಅವನು, ನನ್ನ ಮಗಳಿಗೆ ಉಣಿಸುವವನು ಅವನು. ಹೊಲದಲ್ಲಿ ಏನು ಹಚ್ಚಬೇಕೆಂದು ಕೇಳಲು ನಾನು ಅಲ್ಲಿರಲಿಲ್ಲ. ಊರಿನಿಂದ ದೂರ ಇದ್ದೇನೆ ಅನ್ನುವ ದುಃಖ ಹೇಗೋ ತಡೆದುಕೊಂಡಿದ್ದೆ. ತಿರುಗಿ ಹೋದರೆ ಸಿಗುತ್ತದೆ ಎಂಬ ನಂಬಿಕೆ ಅದಕ್ಕೆ ಆಸರೆಯಾಗಿತ್ತು. ಮಗಳಿಗೆ ಆ ಹಬ್ಬದ ನೆನಪೇ ಇಲ್ಲ. ಇನ್ನು ಯಾರಿಗಾಗಿ ಮಾಡಲಿ?

ಮರುವರ್ಷ ಹುಡುಗಿ ಬೇರೆ ಆಸ್ಪತ್ರೆಗೆ ಹೋದಳು. ಈಗ ಎಳ್ಳಮಾಸಿ ಬಂದರೆ ರಜೆಯಿದ್ದರೂ ಡ್ಯೂಟಿ ಕೇಳಿ ಹಾಕಿಸಿಕೊಳ್ಳುತ್ತೇನೆ. ಆ ದಿನ ಮನೆಗೆ ಫೋನ್ ಮಾಡುವುದಿಲ್ಲ. ಅವ್ವನೂ ಮಾಡುವುದಿಲ್ಲ.