ಬಾವಿಯಾ, ಗುಂಡಿಯಾ?

ಪ್ರೀತಿಕಾ ಓದುತ್ತಿದ್ದ ಕೋರ್ಸಿನ ಹೆಸರು ಉದ್ದದ್ದು. ನೀರು ಮತ್ತು ಕೊಳಚೆನೀರು ಶುದ್ಧೀಕರಣ ಇಂಜಿನಿಯರಿಂಗ್. ಘಟ್ಟದ ಮೇಲಿನ ವಿಶ್ವವಿದ್ಯಾಲಯದಲ್ಲಿ, ವಿಭಾಗದ ಬಾಗಿಲ ಮೇಲೆ ಅದು ಪೂರ್ತಿಯಾಗಿಯೇ ಬರೆದಿತ್ತು. ಬಸ್ಸು ಘಟ್ಟ ಇಳಿದು ಪುತ್ತೂರು ಮುಟ್ಟುವಷ್ಟರಲ್ಲಿ ಅರ್ಧ ಉದುರಿ ಹೋಗುತ್ತಿತ್ತು. ನರಿಮೊಗರಿನ ಮನೆಗೆ ತಲುಪಿದ್ದು 'ನೀರಿನ ಇಂಜಿನಿಯರಿಂಗ್' ಮಾತ್ರ. ಉಳಿದರ್ಧವನ್ನು ಕತ್ತರಿಸಿದ್ದು ಅವಳೇ. ಯಾರೂ ಹಾಗೆ ಮಾಡು ಅಂತ ಹೇಳಿರಲಿಲ್ಲ, ಯಾರೂ ಗದರಿಸಿರಲಿಲ್ಲ. ಸುಳ್ಳು ಹೇಳಿದ ಹಾಗೂ ಆಗಲಿಲ್ಲ, ನಿಜ ಹೇಳಿದ ಹಾಗೂ ಆಗಲಿಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಸಾಯದೆ ಉಳಿದ ಹಾವು ಎಲ್ಲಿಯಾದರೂ ಹೋಗಿ ಕೂತಿರುತ್ತದೆ ಅಂತ ಆಗ ಹುಡುಗಿಗೆ ಹೊಳೆಯಲಿಲ್ಲ.

ಅವಳನ್ನು ಬೈಯುವ ಮೊದಲು ಊರನ್ನು ಬೈಯಬೇಕು ಮಾರಾಯ್ರೆ. ಕಕ್ಕಸಿಗೆ ಹೋಗದವರು ಯಾರುಂಟು? ಆದರೆ ಅದು ಅಲ್ಲಿಂದ ಎಲ್ಲಿಗೆ ಹೋಗ್ತದೆ ಅಂತ ಯಾರೂ ಕೇಳಬಾರದು. ಅದನ್ನು ಬಾಚಲಿಕ್ಕೆ ಬೇರೆ ಜನ ಉಂಟು ಅಂತ ಊರು ಯಾವತ್ತೋ ತೀರ್ಮಾನ ಮಾಡಿ ಕೈ ತೊಳೆದುಕೊಂಡಿದೆ. ಅಂಥಲ್ಲಿ ಒಂದು ಹೆಣ್ಣುಮಗಳು ಅದನ್ನೇ ಕಾಲೇಜಿಗೆ ಹೋಗಿ ಕಲೀತಾಳೆ ಅಂತ ಗೊತ್ತಾದರೆ ಮುಗಿಯಿತು, ಮದುವೆ ಊಟದ ಪಂಕ್ತಿಯಲ್ಲಿ ನಗಾಡಲಿಕ್ಕೆ ಒಂದು ವರ್ಷಕ್ಕಾಗುವಷ್ಟು ವಿಷಯ. ಅಪ್ಪನನ್ನು ಯಾರೂ ಹಾಗೆ ನಗಾಡಬಾರದು ಅಂತ ಅವಳ ಲೆಕ್ಕ.

ಅಪ್ಪ ಚನಿಯಪ್ಪ ಬಾವಿಯ ಮನುಷ್ಯ. ಬಾವಿ ತೋಡುವುದು, ಒಳಗೆ ಕಲ್ಲು ಕಟ್ಟುವುದು, ಮಳೆಗಾಲ ಶುರುವಾಗುವ ಮೊದಲು ಇಳಿದು ಕೆಸರು ತೆಗೆಯುವುದು. ಬೋರ್‌ವೆಲ್ ಬಂದ ಮೇಲೆ ತೋಡುವ ಕೆಲಸ ನಿಂತೇ ಹೋಯಿತು, ಕೆಸರಿನ ಕೆಲಸ ಉಳಿಯಿತು. ಮೇಲೆ ಹಗ್ಗ ಹಿಡಿಯುವುದು ಸುಲೈಮಾನ್ ಬ್ಯಾರಿ. ಇಬ್ಬರಿಗೂ ಮೀಸೆ ಚಿಗುರುವ ಕಾಲದ ಜೊತೆ ಅದು. ಇಳಿಯುವ ಮೊದಲು ಸೊಪ್ಪಿನ ಗೆಲ್ಲೊಂದನ್ನು ಕಟ್ಟಿ ಇಳಿಸಿ ಒಳಗಿನ ಗಾಳಿಯನ್ನು ಕಲಕುವುದು, ಮತ್ತೆ ಬಾಲ್ದಿಯಲ್ಲಿ ಒಂದು ಚಿಮಿಣಿ ದೀಪ ಇಟ್ಟು ಬಿಡುವುದು. ದೀಪ ಆರಿದರೆ ಕೆಲಸ ಇಲ್ಲ, ಬೀಡಿ ಹಚ್ಚಿ ಮನೆಗೆ. ಉರಿದರೆ ಇಳಿಯುದು. ಆ ದೀಪ ಒಮ್ಮೆಯೂ ಚನಿಯಪ್ಪನಿಗೆ ಸುಳ್ಳು ಹೇಳಿದ್ದಿಲ್ಲ.

"ನಾನು ನೀರು ತೆಗೆಯುದು, ನನ್ನ ಮಗಳು ನೀರು ತೊಳೆಯುದು. ನಮ್ಮದು ಒಂದೇ ಕಸುಬು ಬ್ಯಾರಿ!" ಅಂತ ಚನಿಯಪ್ಪ ಚಾ ಅಂಗಡಿಯಲ್ಲಿ ನಾಲ್ಕು ಜನರಿಗೆ ಕೇಳುವ ಹಾಗೆ ಹೇಳುತ್ತಿದ್ದ. ಸುಲೈಮಾನ್ ಬಿಡುತ್ತಿರಲಿಲ್ಲ. "ನೀರನ್ನು ತೊಳೆಯುದಾ? ಎಂತದರಲ್ಲಿ ತೊಳೆಯುದು ಚನಿಯಣ್ಣ, ಸೋಪಿನಲ್ಲಾ?" ಅಂಗಡಿಯೇ ನಗುತ್ತಿತ್ತು, ಚನಿಯಪ್ಪನೂ ನಗುತ್ತಿದ್ದ. ಮಗಳ ವಿಷಯಕ್ಕೆ ಎಷ್ಟು ತಮಾಷೆ ಮಾಡಿದರೂ ಅವನಿಗೆ ಸಂತೋಷವೇ.

ನಿಜ ಹೇಳಬೇಕೆಂದರೆ ಪ್ರೀತಿಕಾಳ ಮನಸ್ಸು ನೆಟ್ಟದ್ದು ಆ ಕತ್ತರಿಸಿದ ಅರ್ಧದ ಮೇಲೆಯೇ. ಶುದ್ಧೀಕರಣ ಘಟಕದಿಂದ ತಂದ ಕಂದು ನೀರಿನ ಹನಿಯೊಂದನ್ನು ಮೊದಲ ಸಲ ಸೂಕ್ಷ್ಮದರ್ಶಕದಲ್ಲಿ ನೋಡಿದ ದಿನ ಅವಳು ಊಟಕ್ಕೆ ಹೋಗುವುದನ್ನೇ ಮರೆತಿದ್ದಳು. ಹೂವಿನ ಹಾಗೆ ತೊಟ್ಟು ಇರುವ, ಪುಟ್ಟ ಪುಟ್ಟ ಗಂಟೆಗಳ ಹಾಗಿದ್ದ ಜೀವಿಗಳು ಬಾಯಿ ತೆರೆದು ಗಲೀಜನ್ನು ತಿನ್ನುತ್ತಾ ಇದ್ದವು. ಅವು ತಿಂದಷ್ಟೂ ನೀರು ತಿಳಿ. ಬೇರೆ ಹುಡುಗಿಯರು ಮೂಗು ಮುಚ್ಚಿಕೊಂಡು ಹೊರಗೆ ಓಡಿದರೆ ಇವಳು ಸ್ಲೈಡಿನ ಮೇಲೆ ಸ್ಲೈಡು ಹಾಕಿ ನೋಡುತ್ತಾ ಕೂತಳು. ಇದನ್ನು ಅಪ್ಪನಿಗೆ ತೋರಿಸಿದರೆ ಎಷ್ಟು ಖುಷಿಪಡ್ತಾರೋ ಅಂತ ಅನಿಸಿತು, ಆಮೇಲೆ ಇದನ್ನು ಯಾವ ಬಾಯಲ್ಲಿ ಹೇಳುದು ಅಂತಲೂ ಅನಿಸಿತು.

ಒಂದು ದಿನ ಮೇಷ್ಟ್ರು ಗುಂಡಿಗಳ ಗಾಳಿಯ ಬಗ್ಗೆ ಪಾಠ ಮಾಡಿದರು. ಕಕ್ಕಸು ಗುಂಡಿಯ ಕೆಸರಿನಲ್ಲಿ ವಿಷದ ಗಾಳಿ ಅಡಗಿ ಕೂತಿರುತ್ತದೆ, ಕಲಕಿದ ಕೂಡಲೇ ಮೇಲೆ ಬರುತ್ತದೆ, ಮೊದಲು ಕೊಳೆತ ಮೊಟ್ಟೆಯ ವಾಸನೆ, ಜಾಸ್ತಿಯಾದರೆ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ, ಆಮೇಲೆ ಒಂದೆರಡು ಉಸಿರು ಸಾಕು, ಅಂತ. ಪ್ರೀತಿಕಾ ಎದ್ದು ನಿಂತು ಕೇಳಿದಳು, "ನಮ್ಮೂರಲ್ಲಿ ಇಳಿಯುವ ಮೊದಲು ದೀಪ ಇಳಿಸಿ ನೋಡ್ತಾರೆ ಸರ್. ಅದು ಸಾಕಾಗುದಿಲ್ವಾ?"

ಹಿಂದಿನ ಬೆಂಚಿನವರು ನಕ್ಕರು. ಮೇಷ್ಟ್ರು ನಗಲಿಲ್ಲ. "ಬಾವಿಗೆ ದೀಪ ಸರಿ, ಇಲ್ಲದ್ದಕ್ಕಿಂತ ವಾಸಿ. ಗುಂಡಿಗೆ ಖಂಡಿತ ಅಲ್ಲ. ಉಸಿರಾಡೋಕೆ ಗಾಳಿ ಇದೆಯಾ ಅಂತ ದೀಪ ಹೇಳುತ್ತೆ, ಆ ಗಾಳಿಯಲ್ಲಿ ವಿಷ ಇದೆಯಾ ಅಂತ ಹೇಳಲ್ಲ. ಮನುಷ್ಯ ಸತ್ತು ಬಿದ್ದಿರ್ತಾನೆ, ದೀಪ ಪಕ್ಕದಲ್ಲಿ ಉರೀತಾ ಇರುತ್ತೆ. ಊರಿಗೆ ಹೋದಾಗ ಹೇಳಮ್ಮ, ಮರೀಬೇಡ," ಅಂದರು. ಅಪ್ಪ ಬಾವಿಗೆ ಮಾತ್ರ ಇಳಿಯುದು, ಗುಂಡಿಗೆ ಅಲ್ಲವಲ್ಲ ಅಂತ ಸಮಾಧಾನ ಮಾಡಿಕೊಂಡಳು. ಆದರೂ ಹೇಳಿಬಿಡಬೇಕು ಅಂತ ಗಟ್ಟಿ ಮಾಡಿಕೊಂಡೇ ಬಿಸು ಹಬ್ಬಕ್ಕೆ ಊರಿಗೆ ಬಸ್ಸು ಹತ್ತಿದಳು.

ಮನೆಯಲ್ಲಿ ಹಬ್ಬಕ್ಕೆ ಲೋಲಾಕ್ಷಿ ಅತ್ತೆ ಬಂದು ಕೂತಿದ್ದಳು. ಚನಿಯಪ್ಪನ ತಂಗಿ. ಪ್ರೀತಿಕಾಳಿಗೆ ಒಳ್ಳೇ ಕಡೆಯ ಸಂಬಂಧವೊಂದನ್ನು ಸೆರಗಿಗೆ ಕಟ್ಟಿಕೊಂಡೇ ಬಂದಿದ್ದಳು. ಅಮ್ಮ ಪಾಯಸ ಬಡಿಸುವ ಹೊತ್ತಿಗೆ ಚನಿಯಪ್ಪನೇ ಬಾಯಿ ತೆರೆದ. "ಅಲ್ಲ ಮಗಾ, ನಾವು ದೀಪ ಇಳಿಸುದುಂಟಲ್ಲ, ಅದು ನಿಮ್ಮ ಪುಸ್ತಕದಲ್ಲಿ ಉಂಟಾ?"

ಕೇಳುವುದಾದರೆ ಇದಕ್ಕಿಂತ ಸರಿಯಾಗಿ ಯಾರು ಕೇಳಿಯಾರು? ದೇವರೇ ಎಲೆಗೆ ಬಡಿಸಿದ ಹಾಗೆ. ಪ್ರೀತಿಕಾ, "ಉಂಟು ಅಪ್ಪ. ಆದರೆ..." ಅಂದಳು.

"ನೀರಿನ ಪುಸ್ತಕದಲ್ಲಿ ದೀಪ ಎಂತಕ್ಕೆ?" ಅಂತ ಲೋಲಾಕ್ಷಿ ಅತ್ತೆ ಕತ್ತು ಇತ್ತ ತಿರುಗಿಸಿದಳು. "ನೀನು ಸರಿಯಾಗಿ ಎಂತ ಓದುದು ಅಂತ ಆ ಗಂಡಿನ ಕಡೆಯವರೂ ಕೇಳ್ತಿದ್ದರು."

ಎಲೆಯ ಮೇಲೆ ಪಾಯಸ. ಅತ್ತೆಯ ಕಣ್ಣು. ಇಲ್ಲಿ ಕಕ್ಕಸು ಗುಂಡಿಯ ಮಾತು ತೆಗೆದರೆ ಅರ್ಧ ಕತ್ತರಿಸಿದ ಹೆಸರು ಪೂರ್ತಿ ಹೊರಗೆ ಬೀಳುತ್ತಿತ್ತು. ಅವಳು ಮೇಷ್ಟ್ರ ಮಾತನ್ನೂ ಅರ್ಧಕ್ಕೇ ಕತ್ತರಿಸಿದಳು. "ಬಾವಿಗೆ ದೀಪ ಸರಿ ಅಂತ ನಮ್ಮ ಸರ್ ಹೇಳಿದ್ದಾರೆ," ಅಂದಳು. ಉಳಿದದ್ದನ್ನು ನಾಳೆ ಅತ್ತೆ ಹೋದ ಮೇಲೆ ಹೇಳುವ ಅಂದುಕೊಂಡಳು. ಅತ್ತೆ ಹೋಗಲಿಲ್ಲ, ಇವಳ ರಜೆ ಮುಗಿಯಿತು.

ಚನಿಯಪ್ಪನಿಗೆ ಅಷ್ಟು ಸಾಕಾಯಿತು. ಮಾರನೇ ದಿನವೇ ಚಾ ಅಂಗಡಿಯಲ್ಲಿ ಮೇಜು ಕುಟ್ಟಿದ. "ಕೇಳು ಬ್ಯಾರಿ, ನಮ್ಮ ದೀಪ ಯೂನಿವರ್ಸಿಟಿಯಲ್ಲಿ ಪಾಸಾಯ್ತು!"

ಮೇ ತಿಂಗಳ ಕೊನೆಗೆ, ಒಂದು ಬೆಳಿಗ್ಗೆ, ಅವಳು ಲ್ಯಾಬಿಗೆ ಹೊರಟಾಗ ಅಪ್ಪನ ಫೋನು ಬಂತು. "ಉಪ್ಪಿನಂಗಡಿಯಲ್ಲಿ ಒಂದು ಬಾವಿ ಉಂಟು ಮಗಾ. ಕೆಸರು ತೆಗೀಲಿಕ್ಕೆ. ನಾನೇ ತೋಡಿದ್ದು, ನೀನು ಹುಟ್ಟುವ ಮೊದಲು." ಸ್ವರ ಯಾಕೋ ಸಣ್ಣಗಿತ್ತು, ತಡೆದು ತಡೆದು ಮಾತಾಡಿದ.

"ಜಾಗ್ರತೆ ಅಪ್ಪ. ದೀಪ ಇಳಿಸ್ತೀರಲ್ಲ?"

"ಇಳಿಸದೆ ಇಳೀತೇನಾ? ನಿಮ್ಮ ಸರ್ ಹೇಳಿದ್ದಲ್ವಾ!" ಅಂತ ನಕ್ಕ. ಅವಳೂ ನಕ್ಕು ಫೋನಿಟ್ಟಳು.

ಬಾವಿ ಅಂದದ್ದು ಪೂರ್ತಿ ಸುಳ್ಳಲ್ಲ. ಹೆದ್ದಾರಿ ಬದಿಯ ಲಾಡ್ಜೊಂದರ ಹಿತ್ತಿಲಲ್ಲಿ ಚನಿಯಪ್ಪನೇ ಹಿಂದೆ ತೋಡಿ ಕಲ್ಲು ಕಟ್ಟಿದ ಬಾವಿ ಅದು. ಸಿಹಿನೀರು ಸಿಕ್ಕಿತ್ತು, ಆವತ್ತು ಅವನಿಗೆ ಹೊಸ ಪಂಚೆ ಕೊಟ್ಟು ಊಟ ಹಾಕಿದ್ದರು. ನಳ್ಳಿ ನೀರು ಬಂದ ಮೇಲೆ ಲಾಡ್ಜಿನ ಯಜಮಾನನಿಗೆ ಬಾವಿ ದಂಡ ಅನಿಸಿತು. ಅಷ್ಟೂ ರೂಮುಗಳ ಕಕ್ಕಸಿನ ಪೈಪನ್ನು ಅದಕ್ಕೇ ತಿರುಗಿಸಿ ಮೇಲೆ ಚಪ್ಪಡಿ ಎಳೆದ. ಎಂಥ ಮನುಷ್ಯರು! ನೀರು ಕೊಟ್ಟ ಬಾವಿಗೆ ಮಾಡುವ ಉಪಕಾರವಾ ಇದು? ಈಗ ಅದು ತುಂಬಿತ್ತು. ಗುಂಡಿ ಖಾಲಿ ಮಾಡುವ ಲಾರಿ ಬಂದು ಮೇಲಿನ ನೀರನ್ನು ಎಳೆದು ಹೋಯಿತು, ಅಡಿಯಲ್ಲಿ ಕಲ್ಲಿನ ಹಾಗೆ ಕೂತ ಕೆಸರು ಪೈಪಿಗೆ ಬರಲಿಲ್ಲ. "ನೀವೇ ತೋಡಿದ ಬಾವಿಯಲ್ವಾ ಚನಿಯಪ್ಪ, ನಿಮಗಿಂತ ಗೊತ್ತಿದ್ದವರು ಯಾರು?" ಅಂದ ಯಜಮಾನ.

ಸುಲೈಮಾನ್ ಬೇಡ ಅಂದಿದ್ದ. "ಚನಿಯಣ್ಣ, ಇದು ನಮ್ಮ ಕೆಲಸ ಅಲ್ಲ. ನಡಿ ಮನೆಗೆ." ಚನಿಯಪ್ಪ ಕೇಳಲಿಲ್ಲ. "ನಾನು ಕಟ್ಟಿದ ಕಲ್ಲು ನನ್ನನ್ನು ಕಚ್ಚುದಿಲ್ಲ ಬ್ಯಾರಿ. ಮಗಳಿಗೆ ಮಾತ್ರ ಹೇಳಬೇಡ. ನೀರಿನ ಇಂಜಿನಿಯರ್‌ನ ಅಪ್ಪ ಕಕ್ಕಸು ಗುಂಡಿಗೆ ಇಳಿದ ಅಂದರೆ ಅವಳಿಗೆ ಮರ್ಯಾದೆ ಕಡಿಮೆ," ಅಂದ. ಮೊದಲು ಸೊಪ್ಪಿನ ಗೆಲ್ಲು ಹೋಯಿತು, ಆಮೇಲೆ ದೀಪ ಹೋಯಿತು. ದೀಪ ಅಲುಗಾಡದೆ ಉರಿಯಿತು. ಚನಿಯಪ್ಪ ಇಳಿದ.

ಹಗಲು ಕಂಡ ಬಾವಿಗೆ ಇರುಳು ಬಿದ್ದ ಅಂತ ಗಾದೆ ಉಂಟಲ್ಲ. ಚನಿಯಪ್ಪ ಹಗಲಲ್ಲೇ ಇಳಿದದ್ದು, ದೀಪ ಇಟ್ಟುಕೊಂಡು. ಹಾರೆಯಲ್ಲಿ ಕೆಸರಿಗೆ ಎರಡು ಪೆಟ್ಟು ಹಾಕಿದ್ದು ಮೇಲೆ ಕೇಳಿತು. "ಬ್ಯಾರಿ..." ಅಂದದ್ದೂ ಕೇಳಿತು. ಆಮೇಲೆ ಹಗ್ಗ ಸಡಿಲವಾಯಿತು. ಸುಲೈಮಾನ್ ಹುಚ್ಚನ ಹಾಗೆ ಕೂಗುತ್ತಾ ತಾನೂ ಇಳಿಯಲಿಕ್ಕೆ ಹೋದ. ಲಾಡ್ಜಿನ ಕೆಲಸದವರು ಅವನನ್ನು ನೆಲಕ್ಕೆ ಒತ್ತಿ ಹಿಡಿದುಕೊಂಡರು. ಅಗ್ನಿಶಾಮಕದವರು ಬಂದು ಚನಿಯಪ್ಪನನ್ನು ಮೇಲೆ ತೆಗೆಯುವಾಗಲೂ ಬಾಲ್ದಿಯೊಳಗೆ ದೀಪ ಉರಿಯುತ್ತಲೇ ಇತ್ತು.

ಇದೆಲ್ಲ ಪ್ರೀತಿಕಾಳಿಗೆ ಗೊತ್ತಾದದ್ದು ಸುಲೈಮಾನನಿಂದ, ಅಪ್ಪನನ್ನು ಸುಟ್ಟು ಬಂದ ಮಾರನೇ ದಿನ. ಅಂಗಳದ ಮೂಲೆಯಲ್ಲಿ ಕೂತು ಅವನು ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದ. "ದೀಪ ಉರೀತಾ ಇತ್ತು ಮಗಳೇ. ಅಲ್ಲಾಹನಾಣೆ ಉರೀತಾ ಇತ್ತು. ನಾನು ಕಣ್ಣಾರೆ ನೋಡಿದ್ದೇನೆ." ಹಗ್ಗ ಹಿಡಿದವನು ತಾನು, ತನ್ನ ಕೈಯಲ್ಲೇ ಎಲ್ಲೋ ತಪ್ಪಾಯಿತು ಅಂತ ಅವನಿಗೆ. ಅವನ ತಪ್ಪಲ್ಲ ಅಂತ ಹೇಳಬಲ್ಲವಳು ಆ ಅಂಗಳದಲ್ಲಿ ಒಬ್ಬಳೇ ಇದ್ದಳು. ಅವಳು ಎದ್ದು ಒಳಗೆ ಹೋದಳು.

ಮಧ್ಯಾಹ್ನ ಪೊಲೀಸಿನವರೊಬ್ಬರು ಹೇಳಿಕೆ ತೆಗೆದುಕೊಳ್ಳಲಿಕ್ಕೆ ಬಂದರು. ಅವರಿಗಿಂತ ಮೊದಲೇ ಲಾಡ್ಜಿನ ಯಜಮಾನನ ಜನ ಬಂದು ಮಾತಾಡಿ ಹೋಗಿತ್ತು. ಬಾವಿ ಅಂತಲೇ ಹೇಳಿ, ನಿಮಗೂ ಮರ್ಯಾದೆ, ಚನಿಯಪ್ಪಣ್ಣನಿಗೂ ಮರ್ಯಾದೆ ಅಂತ. ಪ್ರೀತಿಕಾಳ ಅಮ್ಮ ಈಶ್ವರಿಗೆ ಅದು ಸರಿ ಕಂಡಿತ್ತು. ಲೋಲಾಕ್ಷಿ ಅತ್ತೆಗಂತೂ ನೂರಕ್ಕೆ ನೂರು ಸರಿ.

"ಹೇಳಿ ಅಮ್ಮ," ಅಂದರು ಪೊಲೀಸಿನವರು. "ಅವರು ಇಳಿದದ್ದು ಬಾವಿಗಾ, ಗುಂಡಿಗಾ?"

"ಬಾವಿಗೆ," ಅಂದಳು ಈಶ್ವರಿ. "ಅವರು ಬಾವಿಯ ಮನುಷ್ಯ. ಬಾವಿಯಲ್ಲೇ ಹೋದರು."

"ಅಲ್ಲ," ಅಂದಳು ಪ್ರೀತಿಕಾ. ಎಲ್ಲರೂ ತಿರುಗಿ ನೋಡಿದರು. "ಕಕ್ಕಸು ಗುಂಡಿಗೆ. ಬಾವಿಯನ್ನು ಗುಂಡಿ ಮಾಡಿದ್ದು ಲಾಡ್ಜಿನವರು, ಗೊತ್ತಿದ್ದೇ ಅಪ್ಪನನ್ನು ಇಳಿಸಿದ್ದೂ ಅವರೇ. ಕೆಸರು ಕಲಕಿದ ಕೂಡಲೇ ವಿಷದ ಗಾಳಿ ಎದ್ದಿದೆ. ಆ ಗಾಳಿಗೆ ದೀಪ ಆರುದಿಲ್ಲ. ಸುಲೈಮಾನ್ ಬ್ಯಾರಿಯವರದ್ದು ಎಂತ ತಪ್ಪೂ ಇಲ್ಲ."

ಲೋಲಾಕ್ಷಿ ಅತ್ತೆ, "ಸುಮ್ಮನಿರು ಮಾರಾಯ್ತಿ, ಮಾನ ಕಳೀಬೇಡ," ಅಂತ ಅವಳ ಕೈ ಎಳೆದಳು. ಪೊಲೀಸಿನವರು ಕೇಳಿದರು, "ಇದೆಲ್ಲ ನಿಮಗೆ ಹೇಗೆ ಗೊತ್ತು?"

"ನಾನು ಓದುದು ಅದನ್ನೇ," ಅಂದಳು. "ನೀರು ಮತ್ತು ಕೊಳಚೆನೀರು ಶುದ್ಧೀಕರಣ. ಕಕ್ಕಸಿನ ನೀರು. ಗುಂಡಿಯ ನೀರು. ಎಲ್ಲ."

ಆ ಹೆಸರು ಪೂರ್ತಿಯಾಗಿ ನರಿಮೊಗರಿಗೆ ಬಂದದ್ದು ಅದೇ ಮೊದಲು. ಯಾರೂ ನಗಲಿಲ್ಲ. ಅಷ್ಟು ವರ್ಷ ಅವಳು ಹೆದರಿದ ನಗು ಆ ಅಂಗಳದಲ್ಲಿ ಯಾರ ಬಾಯಲ್ಲೂ ಇರಲಿಲ್ಲ. ಪೊಲೀಸಿನವರು ಬರೆದುಕೊಂಡು ಎದ್ದು ಹೋದರು. ಸುಲೈಮಾನ್ ಮುಖ ಮುಚ್ಚಿಕೊಂಡು ಅಳುತ್ತಿದ್ದ.

ಈಶ್ವರಿ ಮಾತ್ರ ಮಗಳ ಮುಖವನ್ನೇ ನೋಡುತ್ತಿದ್ದಳು.

"ದೀಪ ಸಾಲುದಿಲ್ಲ ಅಂತ ನಿನಗೆ ಯಾವಾಗ ಗೊತ್ತಾದದ್ದು ಮಗಾ?"

ಪ್ರೀತಿಕಾಳಿಗೆ ಇನ್ನು ಕತ್ತರಿಸಲಿಕ್ಕೆ ಎಂತದೂ ಉಳಿದಿರಲಿಲ್ಲ. "ಬಿಸುವಿಗೆ ಬರುವ ಮೊದಲು," ಅಂದಳು.

"ಪಾಯಸ ಬಡಿಸುವಾಗ ಗೊತ್ತಿತ್ತಾ?"

"ಗೊತ್ತಿತ್ತು ಅಮ್ಮ."

ಒಳಗೆ ಚನಿಯಪ್ಪನ ತಲೆ ಇಟ್ಟಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪ ಸಣ್ಣಗಾಗಿತ್ತು. ಎಣ್ಣೆ ಹಾಕಲಿಕ್ಕೆ ಅಂತ ಎದ್ದ ಈಶ್ವರಿ ಹೊಸ್ತಿಲಲ್ಲಿ ನಿಂತಳು.

"ಅವರು ದೀಪವನ್ನು ನಂಬಿ ಇಳಿದದ್ದಲ್ಲ ಮಗಾ," ಅಂದಳು. "ನಿನ್ನನ್ನು ನಂಬಿ."