ಮನೆಗೆ ಬದಲು ಮನೆ, ಜೊತೆಗೊಂದು ಎಮ್ಮೆ

1982ರ ಬೇಸಿಗೆ ಅದು. ನಮ್ಮ ಮಗಳು ಶೈಲಾಳಿಗೆ ಆಗ ಆರು ವರ್ಷ. ಎರಡು ವರ್ಷಗಳಿಂದ ಅವಳ ಎರಡೂ ಕಣ್ಣಿಗೆ ಪೊರೆ ಬೆಳೆಯುತ್ತ ಬಂದಿತ್ತು. ಮುಖ ಗುರುತು ಸಿಗುತ್ತಿರಲಿಲ್ಲ. ದನಿ ಕೇಳಿ, ಇಲ್ಲವೇ ಸೀರೆಯ ಬಣ್ಣ ನೋಡಿ ಇದು ಅವ್ವ, ಇದು ಅಜ್ಜಿ ಎನ್ನುತ್ತಿದ್ದಳು. ಒಮ್ಮೊಮ್ಮೆ ನನ್ನ ಗಲ್ಲ ಮೂಗು ಸವರಿ, "ಅವ್ವಾ, ನೀ ಈಗ ನಗಾಕತ್ತೀ ಹೌದಿಲ್ಲೋ?" ಎಂದು ಕೇಳುತ್ತಿದ್ದಳು. ಅಳುತ್ತಿದ್ದರೂ ಹೌದು ಎನ್ನುತ್ತಿದ್ದೆ.

ಬೆಂಗಳೂರಿನಲ್ಲಿ ಆಪರೇಷನ್ ಆಗಬೇಕಿತ್ತು. ಒಂದು ಕಣ್ಣು ಮಾಯ್ದ ಮೇಲೆ ಇನ್ನೊಂದು, ಆಮೇಲೆ ಕನ್ನಡಕ. ಒಂದೂವರೆ ತಿಂಗಳಾದರೂ ಅಲ್ಲೇ ಇರಬೇಕು ಎಂದರು ಡಾಕ್ಟರರು. ನಮ್ಮವರು ಸಾಲಿ ಮಾಸ್ತರರು, ಬೇಸಿಗೆ ರಜೆಯೇನೋ ಇತ್ತು. ಆದರೆ ರಾಜಧಾನಿಯಲ್ಲಿ ನಮ್ಮವರೆಂದು ಯಾರಿದ್ದರು? ಅಷ್ಟು ದಿನ ಲಾಡ್ಜಿನಲ್ಲಿ ಇರುವುದು ಮಾಸ್ತರರ ಸಂಬಳಕ್ಕೆ ಹೇಳಿದ ಮಾತಲ್ಲ.

ದಾರಿ ತೋರಿಸಿದವರು ಖಾನಾಪುರದಿಂದ ನಮ್ಮವರ ಸಾಲಿಗೆ ದಿನಾ ಬಸ್ಸಿಗೆ ಬರುತ್ತಿದ್ದ ಬಶೀರ್ ಮಾಸ್ತರರು. ಅವರ ತಂಗಿ ಮೆಹರೂನಳ ಗಂಡ ದಸ್ತಗೀರ್ ಸಾಹೇಬರು ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದರು. ಮೆಹರೂನ ಬಸುರಿ. ಹಿಂದೆ ಎರಡು ಸಲ ಹೊಟ್ಟೆಯಲ್ಲೇ ಕೂಸು ಹೋಗಿತ್ತು. ಈ ಸಲ ಹೆರಿಗೆಗೆ ತವರಿಗೇ ಬರುತ್ತೇನೆಂದು ಅವಳ ಹಟ. ಸಾಹೇಬರೂ ರಜೆ ಹಾಕಿ ಜೊತೆಗೆ ಬರುವವರಿದ್ದರು. ತವರು ಖಾನಾಪುರ ತಾಲೂಕಿನ ಬೀಡಿ ಎಂಬ ಹಳ್ಳಿಯಲ್ಲಿ, ದೊಡ್ಡ ಆಸ್ಪತ್ರೆ ಬೆಳಗಾವಿಯಲ್ಲಿ.

"ನಿಮಗ ಬೆಂಗಳೂರಾಗ ಮನಿ ಬೇಕು, ನಮಗ ಬೆಳಗಾವ್ಯಾಗ ಮನಿ ಬೇಕು. ಅದಲಾಬದಲಿ ಮಾಡ್ಕೋರ್ರೆಲಾ ಸರ!" ಎಂದರಂತೆ ಬಶೀರ್ ಮಾಸ್ತರರು. ಇಷ್ಟು ಸರಳವಾದದ್ದು ನಮಗೆ ಹೊಳೆದೇ ಇರಲಿಲ್ಲ.

ಸರಳವಲ್ಲದವರು ನಮ್ಮ ಅತ್ತೆ. ಇಷ್ಟಲಿಂಗ ಪೂಜೆ ಮಾಡದೆ ನೀರು ಮುಟ್ಟದವರು. ಬೆಳಗಾವಿ ಹಿಂದವಾಡಿಯ ನಮ್ಮ ಮನೆ ನೋಡಲು ದಸ್ತಗೀರ್ ಸಾಹೇಬರು ಬಂದಾಗ ಎದುರಿಗೇ ಹೇಳಿಬಿಟ್ಟರು: "ಮನಿ ಕೊಡತೀನಿ, ಒಲಿ ಕೊಡಂಗಿಲ್ಲ. ನಮ್ಮ ಊಟ ಬ್ಯಾರೆ, ನಿಮ್ಮ ಊಟ ಬ್ಯಾರೆ."

ನಾನು ನಾಚಿಕೆಯಿಂದ ನೆಲ ನೋಡಿದೆ. ಉದ್ದ ಗಡ್ಡ ಸವರಿಕೊಳ್ಳುತ್ತ ಅವರು ನಕ್ಕರು. "ಬರೋಬ್ಬರಿ ಅದ ಅವ್ವಾರ. ಅಡಿಗಿಮನಿಗೆ ಕೀಲಿ ಹಾಕ್ರಿ. ನಾವು ಪಡಸಾಲ್ಯಾಗ ಸ್ಟೋವ್ ಇಟ್ಕೋತೀವಿ. ಈ ಮನ್ಯಾಗ ಮಾಂಸ ಬೇಯಂಗಿಲ್ಲ. ಮಾತ ಕೊಟ್ಟೆ."

"ಮತ್ತ ಎಮ್ಮಿ?"

ಕರೆವ್ವ ಎಂಬ ನಮ್ಮ ಎಮ್ಮೆ ಆಗಷ್ಟೇ ಈದಿತ್ತು. ಅದನ್ನು ಬೇರೆಯವರ ಕೊಟ್ಟಿಗೆಗೆ ಕಳಿಸಿ ಗೂಟ ಬದಲಿಸುವುದು ಬೇಡವೆಂದು ಅತ್ತೆಯ ಹಟ. "ನಾನೂ ಬೀಡ್ಯಾಂವ ಅವ್ವಾರ, ಎಮ್ಮಿ ಬೆನ್ನ ಮ್ಯಾಲ ಬೆಳದಾಂವ" ಎಂದು ಸಾಹೇಬರು ಅಂಗಿಯ ತೋಳು ಮಡಚಿ ಹಿಂಡಲು ಕೂತೇ ಬಿಟ್ಟರು. ಅತ್ತೆ ಎಮ್ಮೆಯ ಕೊರಳು ತುರಿಸುತ್ತ ನಿಂತರು. ಚರಿಗೆ ತುಂಬ ನೊರೆಹಾಲು ಬಂತು. ಪರೀಕ್ಷೆ ಮುಗಿಯಿತು ಎಂದುಕೊಂಡೆವು. ಎಮ್ಮೆ ಹಾಲು ಕೊಟ್ಟದ್ದು ಕೊರಳು ತುರಿಸುತ್ತಿದ್ದವರಿಗೆ ಎಂಬುದು ಎಮ್ಮೆ ಸಾಕಿದ ಇಬ್ಬರ ತಲೆಗೂ ಹೊಳೆಯಲಿಲ್ಲ.

ಅಡಿಗೆಮನೆಗೆ ಕೀಲಿ ಹಾಕಿ, ಕೀಲಿಕೈಯನ್ನು ಟೊಂಕಕ್ಕೆ ಸಿಗಿಸಿಕೊಂಡು, ನಮ್ಮ ಪಾತ್ರೆಗಳನ್ನೆಲ್ಲ ಚೀಲಕ್ಕೆ ತುಂಬಿಸಿ ಅತ್ತೆ ರೈಲು ಹತ್ತಿದರು. ಬೆಂಗಳೂರಿನ ಮನೆ ಎರಡೇ ಕೋಣೆಯದು. ಆಸ್ಪತ್ರೆಗೆ ನಡೆದು ಹೋಗುವಷ್ಟು ಹತ್ತಿರ. ಒಳಗೆ ಹೋದರೆ ಗೋಡೆಗೆ ಸುಣ್ಣ ಬಳಿದ ವಾಸನೆ ಇನ್ನೂ ಆರಿರಲಿಲ್ಲ. ಹೊಸ ಸ್ಟೋವು, ಹೊಸ ಪಾತ್ರೆ, ಹೊಸ ಕೊಡ. ಪಾತ್ರೆಗಳ ಮೇಲೆ ಅಂಗಡಿಯ ಚೀಟಿ ಹಾಗೇ ಅಂಟಿಕೊಂಡಿತ್ತು. ಮೂಲೆಯಲ್ಲೊಂದು ತೊಳೆದ ಮಣೆ, ಪೂಜೆಗೆಂದು.

ಅತ್ತೆ ಆ ಮಣೆ ಮುಟ್ಟಿ ನೋಡಿದರು. "ನಾ ಹುಚ್ಚಿ, ಸುಮ್ನ ಭಾರ ಹೊತಗೊಂಡ ಬಂದೆ" ಎಂದು ನಮ್ಮ ಪಾತ್ರೆ ಚೀಲವನ್ನು ಮಂಚದ ಕೆಳಗೆ ತಳ್ಳಿದರು.

ಮೊದಲ ಕಣ್ಣಿನ ಆಪರೇಷನ್ನಿನ ದಿನ ಬೆಳಿಗ್ಗೆ ನಮ್ಮವರು ಶೈಲಾಳ ಜೊತೆ ಆಸ್ಪತ್ರೆಯಲ್ಲಿದ್ದರು. ನಾನೂ ಅತ್ತೆಯೂ ಹೊರಡುವುದರಲ್ಲಿದ್ದೆವು. ಎದುರಿನ ಕಿರಾಣಿ ಅಂಗಡಿಯವರು ಕೂಗಿದರು: "ಬೆಳಗಾವಿಯಿಂದ ಟ್ರಂಕ್ ಕಾಲ್! ಬೇಗ ಬನ್ನಿ!"

ಆಗಿನ ಕಾಲದಲ್ಲಿ ದೂರದೂರಿನಿಂದ ಟ್ರಂಕ್ ಕಾಲ್ ಬಂತೆಂದರೆ ಕೆಟ್ಟ ಸುದ್ದಿಯೇ. ಮೆಹರೂನಳಿಗೆ ಏನಾಯಿತೋ ಎಂದು ಓಡಿದೆವು.

"ಅಕ್ಕಾರ, ನಾ ದಸ್ತಗೀರ್. ಎಲ್ಲಾರೂ ಆರಾಮ ಅದೀವಿ. ಕರೆವ್ವ ಒಬ್ಬಾಕೀನ ಹಟ ಹಿಡದಾಳ. ಹತ್ರ ಹೋದ್ರ ಒದೀತಾಳ. ಕೆಚ್ಚಲ ಬಾತಗೊಳ್ಳಾಕತ್ತೈತಿ. ಅದಕ್ಕ... ಅವ್ವಾರ ಸೀರಿ ಒಂದ ಉಟಗೊಂಡ ಕುಂತ್ರ ಹಿಂಡಬಹುದೇನೋ ಅಂತ. ಕೇಳದ ಹೆಂಗ ಮುಟ್ಟಲಿ?"

ನಾನು ಅತ್ತೆಗೆ ಹೇಳಿದೆ. ಅವರು ಕಣ್ಣು ಪಿಳಿಪಿಳಿ ಬಿಟ್ಟರು. "ಹಿಂಡೂ ಮುಂದ ಉಡೂ ಕೆಂಪು ಸೀರಿ ಅಡಿಗಿಮನ್ಯಾಗ ಗೂಟಕ್ಕ ಐತಿ" ಎಂದು ಟೊಂಕ ಮುಟ್ಟಿ ನೋಡಿಕೊಂಡರು. ಕೀಲಿಕೈ ಅಲ್ಲೇ ಇತ್ತು. ಫೋನನ್ನು ನನ್ನ ಕೈಯಿಂದ ಕಸಿದುಕೊಂಡು ಇಡೀ ಓಣಿಗೆ ಕೇಳುವಂತೆ ಕೂಗಿದರು: "ಕೀಲಿ ಒಡೀಪಾ! ಒಡದು ಒಳಗ ಹೋಗು! ಸೆರಗ ತಲಿ ತುಂಬ ಹೊದ್ಕೋ. ಮತ್ತ ಕೇಳಿಲ್ಲೆ, ಮುಂದ ಬಾಣಂತಿಗೆ ಬಿಸಿನೀರು ಬೇಕಾಗತೈತಿ. ಒಲಿ ಹಚ್ಚರಿ!"

ಆಸ್ಪತ್ರೆಯ ದಾರಿಯುದ್ದಕ್ಕೂ ಇಬ್ಬರೂ ನಕ್ಕೆವು. ಆಪರೇಷನ್ನಿನ ಹೆದರಿಕೆ ಅಷ್ಟು ಹೊತ್ತು ಮರೆತೇ ಹೋಗಿತ್ತು.

ಆಪರೇಷನ್ ಎರಡೂ ಆದವು. ಕಡೆಗೆ ದಪ್ಪ ಗಾಜಿನ ಕನ್ನಡಕ ಬಂತು. ಆದರೆ ಅದನ್ನು ಹಾಕಿದ ಕೂಡಲೇ ಶೈಲಾ ಬೆಳಕಿಗೆ ಹೆದರಿ ಕಣ್ಣು ಮುಚ್ಚಿಕೊಂಡು ನನ್ನ ಸೆರಗಿನಲ್ಲಿ ಮುಖ ಹುದುಗಿಸಿದಳು. ಏನು ಕಾಣುತ್ತದೆ ಎಂದು ಕೇಳಿದರೆ ನನ್ನ ಮುಖವನ್ನು ಮತ್ತೆ ಬೆರಳಿನಿಂದಲೇ ಸವರಿದಳು. "ಮಕ್ಕಳು ಹಾಗೇ, ಕಾದು ನೋಡಿ" ಎಂದರು ಡಾಕ್ಟರರು. ಊರಿಗೆ ಬರುವ ರೈಲಿನಲ್ಲಿ ಅವಳು ಕನ್ನಡಕ ಹಾಕಿದ್ದರೂ ಉದ್ದಕ್ಕೂ ಕಣ್ಣು ಮುಚ್ಚಿಯೇ ಇದ್ದಳು. ಇಷ್ಟೆಲ್ಲ ಮಾಡಿಯೂ ಫಲವಿಲ್ಲವೇ ಎಂದು ಅವಳ ತಲೆ ಸವರುತ್ತ ಕೂತಿದ್ದೆ.

ಬೆಳಿಗ್ಗೆ ಹಿಂದವಾಡಿ ತಲುಪಿದೆವು. ಮನೆಯ ಪಕ್ಕದ ಗೇಟು ತೆರೆದರೆ ಹಿತ್ತಿಲ ತುದಿಯ ದನದ ಕೊಟ್ಟಿಗೆ ನೇರ ಕಾಣುತ್ತದೆ. ಎಮ್ಮೆಯ ಮಗ್ಗುಲಿಗೆ ಕೆಂಪು ಸೀರೆ ಉಟ್ಟು, ತಲೆ ತುಂಬ ಸೆರಗು ಹೊದ್ದು ಯಾರೋ ಹಾಲು ಹಿಂಡುತ್ತಿದ್ದರು. ಚರಿಗೆಯ ಸದ್ದಿಗೆ ಶೈಲಾ ಕಣ್ಣು ತೆರೆದಳು. ಆ ಕಡೆ ನೋಡಿದಳು. ಪಕ್ಕದಲ್ಲಿ ನಿಂತಿದ್ದ ಅಜ್ಜಿಯನ್ನು ನೋಡಿದಳು. ಮತ್ತೆ ಆ ಕಡೆ ನೋಡಿದಳು.

"ಅವ್ವಾ! ಅಲ್ಲೊಬ್ಬಾಕಿ ಅಜ್ಜಿ ಅದಾಳ, ಆಕೀಗೆ ಗಡ್ಡ ಬಂದೈತಿ!"

ನನ್ನ ಕೈಯಲ್ಲಿದ್ದ ಟ್ರಂಕು ಕೆಳಗೆ ಬಿತ್ತು. ಅಷ್ಟು ದೂರದಿಂದ, ಸೆರಗಿನ ಮರೆಯ ಗಡ್ಡ ನನ್ನ ಮಗಳಿಗೆ ಕಂಡಿತ್ತು. ನಾನು ಅಲ್ಲೇ ಕುಳಿತು ಅತ್ತುಬಿಟ್ಟೆ. ನಮ್ಮವರು ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡರು. ಸಾಹೇಬರು ಗಾಬರಿಯಿಂದ ಎದ್ದು, ಸೀರೆಯ ನಿರಿಗೆ ಎತ್ತಿ ಹಿಡಿದು ಓಡಿ ಬಂದರು. "ಏನಾತ್ರಿ ಅಕ್ಕಾರ? ಕೂಸಿನ ಕಣ್ಣು?"

ಅತ್ತೆ ನಗುತ್ತ, ಅಳುತ್ತ ಹೇಳಿದರು: "ಕಾಣತಾವಪಾ, ನಿನ್ನ ಗಡ್ಡ ಸೈತ ಕಾಣತೈತಿ!"

ಒಳಗೆ ಮೆಹರೂನಳ ಮಗ್ಗುಲಲ್ಲಿ ಹತ್ತು ದಿನದ ಹೆಣ್ಣು ಕೂಸು ಮಲಗಿತ್ತು. ಅದೇ ಸಂಜೆ ಬೀಡಿಗೆ ಹೊರಡುತ್ತೇವೆ ಎಂದು ಅವರು ಗಂಟು ಕಟ್ಟಿದ್ದರು. "ಹಸಿ ಬಾಣಂತಿ ಆ ಬಸ್ಸಿನ್ಯಾಗ ಕುಂದರತಾಳೇನ? ಗಂಟ ಬಿಚ್ಚರಿ" ಎಂದು ಅತ್ತೆ ಗದರಿದರು. ನಲವತ್ತು ದಿನ ತುಂಬುವವರೆಗೆ ಎರಡೂ ಮನೆಯವರು ಒಂದೇ ಮನೆಯಲ್ಲಿದ್ದೆವು. ಕೂಸಿಗೆ ಎಣ್ಣೆ ನೀರು ಎರೆದವರು ಅತ್ತೆಯೇ. ಹೊರಡುವ ದಿನ ಮೆಹರೂನಳಿಗೆ ಉಡಿ ತುಂಬಿ, ಆ ಕೆಂಪು ಸೀರೆಯನ್ನು ಸಾಹೇಬರ ಕೈಗೇ ಇಟ್ಟರು.

ಅಡಿಗೆಮನೆಗೆ ಮತ್ತೆ ಕೀಲಿ ಬೀಳಲಿಲ್ಲ. ಈಗ ಅತ್ತೆ ಇಲ್ಲ, ಸಾಹೇಬರೂ ಇಲ್ಲ. ಶೈಲಾ ತನ್ನ ಮಕ್ಕಳಿಗೆ ಈ ಕಥೆ ಹೇಳುವಾಗಲೆಲ್ಲ ಅವರು ಬಿದ್ದು ಬಿದ್ದು ನಗುತ್ತಾರೆ. ನಾನೂ ನಗುತ್ತೇನೆ. ಆದರೆ ಮನಸ್ಸಿನಲ್ಲೇ, ನನ್ನ ಮಗಳಿಗೆ ಮೊದಲು ಕಂಡ ಆ ಗಡ್ಡಕ್ಕೆ ಕೈ ಮುಗಿಯುತ್ತೇನೆ.