ಆರಕ್ಕೆ ನಿಲ್ಲುವ ಕಂಪ್ರೆಸರ್

ಹುಣಸೂರಿನ ನನ್ನ ಲೇತ್ ಅಂಗಡಿಯ ಗೋಡೆಯ ಮೇಲೆ ಐದು ಸಾಲುಗಳಿವೆ. ಬೆಳಿಗ್ಗೆ ಎಂಟಕ್ಕೆ, ತುಕ್ಕು ಹಿಡಿಯದಂತೆ, ಕಂಪ್ರೆಸರ್ ಟ್ಯಾಂಕಿನ ತಳದಲ್ಲಿ ನಿಂತ ನೀರು ಬಿಡಬೇಕು. ಆಯಿಲ್ ನೋಡಬೇಕು. ಶನಿವಾರ ಫಿಲ್ಟರ್ ತೊಳೆಯಬೇಕು. ಗೇಜಿನಲ್ಲಿ ಪ್ರೆಶರ್ ಎಂಟಕ್ಕೆ ಬಂದಾಗ ಮೋಟಾರು ನಿಲ್ಲಬೇಕು. ಗಾಳಿಯನ್ನು ಮೈಮೇಲೆ ಬಿಟ್ಟುಕೊಳ್ಳಕೂಡದು. ಕೆಂಪು ಬಣ್ಣದಲ್ಲಿ ನಾನೇ ಬರೆದದ್ದು. ಶಿಳ್ಳೆ ಊದಿದರೆ ಏಳುವ, ಶಿಳ್ಳೆ ಊದಿದರೆ ಉಣ್ಣುವ ತರಬೇತಿ ಶಾಲೆಯಲ್ಲಿ ಕೆಲಸ ಕಲಿತವನು ನಾನು. ಬರೆದಿಟ್ಟದ್ದನ್ನು ಮಾಡಿದರೆ ಯಂತ್ರ ಕೈಕೊಡುವುದಿಲ್ಲ ಎಂದು ನಂಬಿದ್ದೆ.

ಆ ಕಂಪ್ರೆಸರನ್ನು ಮುಚ್ಚಿಹೋದ ಒಂದು ಗಿರಣಿಯಿಂದ ನಾನೇ ತಟ್ಟಿ ನೋಡಿ, ಕೊಂಡು ತಂದಿದ್ದೆ. ಹಳೆಯದು, ಆದರೆ ಗಟ್ಟಿ ಮಾಲು ಎಂದು ಎಲ್ಲರೆದುರು ಹೇಳಿಕೊಳ್ಳುತ್ತಿದ್ದೆ. ಬೆಲ್ಟು ಹರಿಯಿತು, ವಾಲ್ವ್ ಪ್ಲೇಟು ಮುರಿಯಿತು, ರಿಂಗು ಸವೆದು ಗಾಳಿಯ ಜೊತೆ ಎಣ್ಣೆ ಕಾರಿತು. ಯಾವುದಕ್ಕೂ ಕಾರಣ ಹುಡುಕಿ ಸರಿಮಾಡದೆ ಬಿಟ್ಟವನಲ್ಲ. ಜೊತೆಗೆ ನನ್ನ ಹೆಂಡತಿಯ ತಮ್ಮ ಇದ್ದ. ಲೇತ್ ಅವನದು, ಬೆಂಚ್ ಕೆಲಸ ನನ್ನದು. ಕೈ ಬಂಗಾರ, ಶಿಸ್ತು ಸೊನ್ನೆ. ಮಧ್ಯಾಹ್ನ ಊಟ ಮುಗಿಸಿ ಬಂದವನೇ ಏರ್ ಗನ್ ಹಿಡಿದು, ಅಂಗಿಯ ಮೇಲಿನ ಕಬ್ಬಿಣದ ಪುಡಿಯನ್ನು ಬುಸ್ಸೆಂದು ಊದಿಕೊಳ್ಳುತ್ತಿದ್ದ. ಆಗ ಸಮಯ ಒಂದೂ ಇಪ್ಪತ್ತು. ಟ್ಯಾಂಕಿನ ಗಾಳಿ ಇಳಿದು ಮೋಟಾರು ಗುಡುಗುಟ್ಟಿಕೊಂಡು ಶುರುವಾಗುತ್ತಿತ್ತು.

"ಐದನೇ ಸಾಲು ಓದು," ಎನ್ನುತ್ತಿದ್ದೆ.

"ನಂಗೆ ಓದಕ್ಕೆ ಬರಕಿಲ್ಲ ಕಣ್ ಬಾವ. ಅದ್ಕೇ ಅಲ್ವಾ ನಿಮ್ ಕೈಗೆ ಸಿಕ್ಕಾಕೊಂಡಿರೋದು!"

ಅವನು ಹೋಗಿ ಐದು ವರ್ಷವಾಯಿತು. ಮನೆಯಲ್ಲೇ, ಬೆಳಿಗ್ಗೆ ಕಾಫಿ ಲೋಟ ಕೆಳಗಿಡುತ್ತಾ ಎದೆ ಹಿಡಿದುಕೊಂಡ, ಅಷ್ಟೆ. ಅವನ ಲೇತಿಗೆ ಹನಗೋಡಿನ ಕಡೆಯ ಒಬ್ಬ ಟರ್ನರ್ ಬಂದ. ನಲವತ್ತು ದಾಟಿದವನು, ಮಾತು ಜಾಸ್ತಿ, ಕೆಲಸದಲ್ಲಿ ನಂಬಿಕಸ್ಥ.

ಹೋದ ವರ್ಷ, ಪಿರಿಯಾಪಟ್ಟಣದ ಕಡೆಯಿಂದ ಟ್ರ್ಯಾಕ್ಟರ್ ರೋಟವೇಟರಿನ ಶಾಫ್ಟುಗಳು ಸಾಲಾಗಿ ಬರುತ್ತಿದ್ದ ದಿನಗಳು. ಒಂದು ಗಂಟೆಗೆ ಎಲ್ಲ ನಿಲ್ಲಿಸಿ ಬುತ್ತಿ ಬಿಚ್ಚಿದ್ದೆವು. ಅಂಗಡಿ ನಿಶ್ಶಬ್ದವಾಗಿತ್ತು. ಗಾಳಿಯನ್ನು ಯಾರೂ ಮುಟ್ಟಿರಲಿಲ್ಲ. ಕಂಪ್ರೆಸರ್ ತಾನಾಗಿ ಗುಡುಗಿತು. ಗಡಿಯಾರ ನೋಡಿದೆ. ಒಂದೂ ಇಪ್ಪತ್ತು.

ಟರ್ನರ್ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಭಾವಮೈದುನನ ಅಭ್ಯಾಸ ಅವನಿಗೂ ಗೊತ್ತಿತ್ತು. ನಾನೇ ಹೇಳಿ ನಗಿಸಿದ್ದೆ.

ಮರುದಿನವೂ ಹಾಗೆಯೇ ಆಯಿತು, ಅದರ ಮರುದಿನವೂ. ನಾಲ್ಕನೆಯ ದಿನ ಅವನು ಬುತ್ತಿ ಮುಚ್ಚಿ ಎದ್ದ.

"ಯಜಮಾನ್ರೇ, ಅಣ್ಣಾರು ಬತ್ತಾವ್ರೆ. ಆ ಲೇತ್ ತಾವ ನಾನ್ ನಿಂತ್ಕಳಕಿಲ್ಲ ಬುಡಿ."

"ದೆವ್ವಕ್ಕೆ ಗಡಿಯಾರ ಯಾಕಯ್ಯ? ಬದುಕಿದ್ದಾಗಲೇ ಅವನು ಕೆಲಸಕ್ಕೆ ಹೊತ್ತಿಗೆ ಸರಿಯಾಗಿ ಬಂದವನಲ್ಲ."

"ನಗಬ್ಯಾಡಿ. ಬೆನ್ನಿಂದೆ ಯಾರೋ ಉಸ್ರು ಬುಡ್ತಾರೆ ಕಣ್ರೀ, ಉಸ್ ಅಂತ. ದಿನಾ ಕೇಳ್ತೀನಿ."

"ಎಲ್ಲೋ ಲೀಕ್ ಇದೆ. ಹುಡುಕಿ ತೋರಿಸುತ್ತೇನೆ. ಅಲ್ಲಿಯವರೆಗೂ ನಿನ್ನ ಜಾಗದಲ್ಲಿ ನಿಂತು ಕೆಲಸ ಮಾಡು."

ಅವನು ನಿಂತ. ಇನ್ನೂ ಆರು ದಿನ ನಿಂತ. ನಾನೇ ಅವನನ್ನು ಅಲ್ಲಿ ನಿಲ್ಲಿಸಿದೆ.

ಸೋಪಿನ ನೊರೆ, ಬ್ರಷ್ಷು ಹಿಡಿದು ಪೈಪಿನ ಒಂದೊಂದು ಜಾಯಿಂಟಿಗೂ ಹಚ್ಚಿದೆ. ಗುಳ್ಳೆ ಏಳಲಿಲ್ಲ. ವಾಲ್ವುಗಳನ್ನು ಬಿಚ್ಚಿ ಕೂರಿಸಿದೆ. ಹೊಸ ಏರ್ ಗನ್ ತಂದೆ. ಆದರೂ ಒಂದೂ ಇಪ್ಪತ್ತಕ್ಕೆ ಅದು ಗುಡುಗುತ್ತಿತ್ತು. ಟ್ಯಾಂಕಿನ ಮೇಲೆ ಮಾತ್ರ ನನಗೆ ಅನುಮಾನ ಬರಲಿಲ್ಲ. ದಿನಾ ಎಂಟಕ್ಕೆ ನೀರು ಬಿಡುವ ಟ್ಯಾಂಕು ಅದು; ನಾನು ತಂದ ಮಾಲು. ಸಂಜೆ ಮನೆಗೆ ಹೋದರೂ ಆ ಉಸಿರು ಕಿವಿಯಲ್ಲಿರುತ್ತಿತ್ತು. ಅದು ಲೀಕ್ ಆಗಿರದಿದ್ದರೆ ಚೆನ್ನಾಗಿತ್ತು ಎಂದು ಒಂದು ದಿನ ಅನ್ನಿಸಿಬಿಟ್ಟಿತು. ಯಾರಿಗೂ ಹೇಳಲಿಲ್ಲ.

ಏಳನೆಯ ದಿನ, ಬೇರೆ ಜಾಗ ಯಾವುದೂ ಉಳಿದಿರಲಿಲ್ಲವಾದ್ದರಿಂದ, ಟ್ಯಾಂಕಿನ ಹೊಟ್ಟೆಯ ಕೆಳಗೆ, ಗೋಡೆಯ ಕಡೆಗೆ, ಕೈ ತೂರಿಸಿ ನೊರೆ ಬಳಿದೆ. ಟಾರ್ಚ್ ಹಿಡಿದು ನೋಡಿದೆ. ಸಣ್ಣ ಗುಳ್ಳೆಗಳ ಸರ ಒಂದು ಉಬ್ಬಿ ಒಡೆಯುತ್ತಿತ್ತು. ಒಂದಕ್ಕೆ ತುಂಬಿ ನಿಂತ ಟ್ಯಾಂಕು ಅಷ್ಟು ಸೋರಿ, ಮೋಟಾರು ಮತ್ತೆ ಶುರುವಾಗಲು ಇಪ್ಪತ್ತು ನಿಮಿಷ ಸಾಕಿತ್ತು.

ಮೇನ್ ಸ್ವಿಚ್ ತೆಗೆದೆ, ಟರ್ನರನ್ನು ಹೊರಗೆ ಕಳಿಸಿದೆ, ಗಾಳಿ ಪೂರ್ತಿ ಬಿಟ್ಟೆ. ಗೇಜಿನ ಮುಳ್ಳು ಸೊನ್ನೆಗೆ ಬಿದ್ದ ಮೇಲೆ ಬಣ್ಣ ಕೆರೆಯಲು ಕುಳಿತೆ.

ಆಯುಧಪೂಜೆಯ ಹಿಂದಿನ ದಿನ ಟ್ಯಾಂಕಿಗೆ ಹೊಸದಾಗಿ ಹಸಿರು ಬಣ್ಣ ಹೊಡೆಯುವುದು ನಮ್ಮ ಪದ್ಧತಿ. ಹಳೆಯದನ್ನು ಯಾರೂ ಕೆರೆಯುವುದಿಲ್ಲ. ವರ್ಷಕ್ಕೊಂದು ಪದರ, ಅದರ ಮೇಲೆ ವಿಭೂತಿ, ಕುಂಕುಮ. ಆ ಹಸಿರಿನ ಕೆಳಗೆ ಅಂಗೈಯಗಲದ ಒಂದು ತಗಡಿನ ತೇಪೆ ಇತ್ತು. ಸುತ್ತಲೂ ಮೀನಿನ ಹುರುಪೆಯಂತೆ ಒಂದರ ಮೇಲೊಂದು ಕುಳಿತ ವೆಲ್ಡಿಂಗ್. ಭಾವಮೈದುನನ ಆ ಕೈಯನ್ನು ನಾನು ಎಲ್ಲಿದ್ದರೂ ಗುರುತಿಸುತ್ತೇನೆ. ತೇಪೆಯ ಅಂಚಿನಲ್ಲಿ ಕಬ್ಬಿಣ ಹಪ್ಪಳದಷ್ಟು ತೆಳುವಾಗಿ ಬಿರಿದಿತ್ತು. ಗಾಳಿ ತುಂಬುವ ಟ್ಯಾಂಕಿಗೆ ತೇಪೆ ಹಾಕಬಾರದೆಂದು ಈ ಕೆಲಸದಲ್ಲಿ ಎಲ್ಲರಿಗೂ ಗೊತ್ತು. ಸಿಡಿದರೆ ಪಕ್ಕದಲ್ಲಿರುವವನು ಉಳಿಯುವುದಿಲ್ಲ.

ತೇಪೆಯ ಮೇಲೆ ಎಮರಿ ಪೇಪರ್ ಉಜ್ಜಿದೆ. ಬಣ್ಣದ ಪದರಗಳು ಸುತ್ತುಸುತ್ತಾಗಿ ಕಂಡವು; ಪ್ರತಿ ವರ್ಷದ ಹಸಿರೂ ಕೊಂಚ ಬೇರೆ. ಏಳು ಪದರ.

ಅದಕ್ಕೂ ಏಳು ವರ್ಷದ ಹಿಂದೆ ಹೆಂಡತಿಯ ಆಪರೇಷನ್ನಿಗೆಂದು ನಾನು ಎಂಟು ದಿನ ಮೈಸೂರಿನ ಆಸ್ಪತ್ರೆಯಲ್ಲಿದ್ದೆ. ಹಿಂದಿರುಗಿದವನು ಅಂಗಡಿಯ ಬಾಗಿಲಲ್ಲೇ ಕೇಳಿದ್ದು, "ದಿನಾ ನೀರು ಬಿಟ್ಟೆಯಾ?"

"ಎರಡು ದಿನ ಮರ್ತೆ ಬಾವ. ಅಕ್ಕ ಎಂಗವ್ಳೆ?"

ಅಕ್ಕನ ಸುದ್ದಿ ಹೇಳುವ ಮೊದಲು ಎರಡು ದಿನದ ನೀರಿಗಾಗಿ ಬೈದೆ. ಆಮೇಲೆ ನೋಡಿದರೆ ಲೇತ್ ಜಾಗ ಬದಲಾಗಿತ್ತು. ಕಿಟಕಿಯ ಬಳಿ ಇದ್ದದ್ದು ಒಳಗೆ ಟ್ಯಾಂಕಿನ ಮಗ್ಗುಲಿಗೆ ಬಂದಿತ್ತು. ಮೊದಲು ಆ ಮಗ್ಗುಲಲ್ಲಿದ್ದ ನನ್ನ ಬೆಂಚು ಗೋಡೆಯಾಚೆಯ ಕೋಣೆಗೆ ಹೋಗಿತ್ತು.

"ಯಾರನ್ನು ಕೇಳಿ ಮಾಡಿದೆ?"

"ಇಲ್ಲಿ ಬೆಳ್ಕು ಚೆಂದಾಗದೆ ಬುಡಿ ಬಾವ."

ಅಲ್ಲಿ ಬೆಳಕೇ ಇರಲಿಲ್ಲ. ಹಗಲಲ್ಲೂ ಬಲ್ಬು ಹಾಕಿಕೊಂಡು ನಿಲ್ಲುತ್ತಿದ್ದ. ಕೇಳದೆ ಅಂಗಡಿ ಅದಲುಬದಲು ಮಾಡಿದನೆಂದು ಮೂರು ತಿಂಗಳು ನಾನು ಅವನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ.

ಇನ್ನೊಂದು ಸಂಗತಿ ಆಗ ಶುರುವಾಯಿತು. ಮೋಟಾರು ಎಂಟರ ಬದಲು ಆರಕ್ಕೇ ನಿಲ್ಲತೊಡಗಿತು. ಪ್ರೆಶರ್ ಸ್ವಿಚ್ಚಿನ ಮುಚ್ಚಳ ಬಿಚ್ಚಿ ಸ್ಕ್ರೂ ತಿರುಗಿಸಿ ಎಂಟಕ್ಕೆ ತರುತ್ತಿದ್ದೆ. ಹತ್ತು ಹದಿನೈದು ದಿನಕ್ಕೆ ಮತ್ತೆ ಆರಕ್ಕೆ ಇಳಿದಿರುತ್ತಿತ್ತು. ಸ್ಪ್ರಿಂಗ್ ಸೋತಿದೆ ಎಂದುಕೊಂಡೆ. ಅದು ಸೋತ ಸ್ಪ್ರಿಂಗಲ್ಲ. ತೇಪೆ ತಡೆಯಲೆಂದು ಅವನು ಇಳಿಸುತ್ತಿದ್ದ, ನಾನು ಏರಿಸುತ್ತಿದ್ದೆ. ಹೀಗೆ ಮೂರು ವರ್ಷ. ನಾನು ಏರಿಸಿದ ಪ್ರತಿ ಸಲವೂ ಅವನು ಆ ಟ್ಯಾಂಕಿಗೆ ಬೆನ್ನು ಕೊಟ್ಟು ಬಲ್ಬಿನ ಕೆಳಗೆ ನಿಂತಿರುತ್ತಿದ್ದ. ಅವನು ಹೋದ ಮೇಲೆ ಸ್ಪ್ರಿಂಗ್ ಸರಿಹೋಯಿತು. ಆಗಲೂ ನನಗೆ ಹೊಳೆಯಲಿಲ್ಲ.

ಟರ್ನರನ್ನು ಒಳಗೆ ಕರೆದು ತೋರಿಸಿದೆ. ತೇಪೆಯ ಅಂಚಿಗೆ ಉಗುರು ತಾಗಿಸಿ ನೋಡಿದ.

"ಇದ್ರ ಮಗ್ಗುಲಲ್ಲಿ ನನ್ ನಿಲ್ಸಿದ್ರಾ ಯಜಮಾನ್ರೇ?"

"ನಿಲ್ಲಿಸಿದೆ. ತಪ್ಪಾಯಿತು."

"ಅಣ್ಣಾರು ಉಸ್ ಅಂದಿದ್ದು ನಂಗೇ ಕಣ್ ಬುಡಿ. ಓಗ್ಲಾ ಆಚೆಗೆ ಅಂತ." ನಗಲು ನೋಡಿದ. ಆಗಲಿಲ್ಲ.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

"ನನಗೆ ಒಂದು ಮಾತು ಹೇಳಬಹುದಿತ್ತಲ್ಲ ಅವನು," ಎಂದೆ.

"ಯೇಳುದ್ರೆ ಕೇಳ್ತಿದ್ರಾ? ಎರಡು ದಿನ ನೀರು ಬುಡ್ನಿಲ್ಲ, ಅದ್ಕೇ ತೂತಾಯ್ತು ಅಂತ ಗೋಡೆ ತೋರುಸ್ತಿದ್ರಿ."

ತೋರಿಸುತ್ತಿದ್ದೆ. ಎರಡು ದಿನದ ನೀರಿಗೆ ಕಬ್ಬಿಣ ತೂತಾಗುವುದಿಲ್ಲ. ನಾನು ತಂದಾಗಲೇ ಅದು ತುಕ್ಕು ಹಿಡಿದು ಒಳಗೊಳಗೆ ತಿಂದುಹೋಗಿತ್ತು. ಆದರೂ ತೋರಿಸುತ್ತಿದ್ದೆ.

ಆ ಟ್ಯಾಂಕನ್ನು ಗ್ಯಾಸ್ ಕಟರಿನಲ್ಲಿ ಎರಡು ಹೋಳು ಮಾಡಿಸಿ ಗುಜರಿಗೆ ಕಳಿಸಿದೆ, ಮತ್ತೆ ಯಾರೂ ತೇಪೆ ಹಾಕಿ ಗಾಳಿ ತುಂಬದಿರಲೆಂದು. ಲೇತನ್ನು ಕಿಟಕಿಯ ಬಳಿಗೆ ಮರಳಿಸಿದೆವು. ಹಳೆಯ ಪ್ರೆಶರ್ ಸ್ವಿಚ್ಚನ್ನು ಮಾತ್ರ ಇಟ್ಟುಕೊಂಡಿದ್ದೇನೆ. ಅದರ ಸ್ಕ್ರೂ ತಲೆಯ ಸೀಳಿನಲ್ಲಿ ಎರಡು ಗುರುತುಗಳಿವೆ: ನನ್ನ ಸಣ್ಣ ಸ್ಕ್ರೂಡ್ರೈವರಿನದು, ಅವನ ಅಗಲದ್ದು. ತಿರುಗಿಸಿ ತಿರುಗಿಸಿ ಸೀಳು ಸವೆದುಹೋಗಿದೆ.

ಹೊಸ ಕಂಪ್ರೆಸರ್ ಬಂತು. ಹತ್ತರ ಪ್ರೆಶರನ್ನೂ ತಡೆಯುವ ಟ್ಯಾಂಕು. ನಾನು ಆರಕ್ಕೆ ನಿಲ್ಲುವಂತೆ ಹೊಂದಿಸಿದ್ದೇನೆ.

"ನಟ್ಟು ಬಿಚ್ಚಕ್ಕೆ ಗಾಳಿ ಸಾಲಕಿಲ್ಲ ಯಜಮಾನ್ರೇ," ಎನ್ನುತ್ತಾನೆ ಟರ್ನರ್. "ಗೋಡೆ ಮ್ಯಾಲೆ ಎಂಟು ಅಂತ ನೀವೇ ಬರ್ದಿದ್ದೀರಿ."

"ಕೈಯಲ್ಲಿ ಬಿಚ್ಚಯ್ಯ."

ಬರೆದದ್ದನ್ನು ಇನ್ನೂ ಅಳಿಸಿಲ್ಲ. ಊಟದ ಹೊತ್ತಿನಲ್ಲಿ ಈಗ ಅಂಗಡಿ ಸುಮ್ಮನಿರುತ್ತದೆ. ಒಂದೂ ಇಪ್ಪತ್ತಾದಾಗ ಇಬ್ಬರೂ ತುತ್ತು ಕೈಯಲ್ಲಿ ಹಿಡಿದು ಗಡಿಯಾರ ನೋಡುತ್ತೇವೆ. ಮೋಟಾರು ಶುರುವಾಗುವುದಿಲ್ಲ.